ಒಂಬತ್ತಕ್ಕೊಂದು ಚಪ್ಪಾಳೆ

ಜೂನ್ ತಿಂಗಳಲ್ಲಿ ಮಕ್ಕಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬರುವ ತಾಯಂದಿರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: "ಅಕ್ಕೋರೆ, ಇವಳಿಗೆ ಹತ್ತರವರೆಗೆ ಬಾಯಿಪಾಠ ಆಗಿದೆ." ಮಗು ಕೈಕಟ್ಟಿ ನಿಂತು ರಾಗವಾಗಿ ಹೇಳಿಯೂ ಹೇಳುತ್ತದೆ. ಆಮೇಲೆ ಒಂದು ತಟ್ಟೆಯಲ್ಲಿ ಹುಣಸೆಬೀಜ ಇಟ್ಟು "ಐದು ಕೊಡು ನೋಡಾಣ" ಅಂದರೆ ಹೆಚ್ಚಿನ ಮಕ್ಕಳು ಮುಷ್ಟಿ ತುಂಬ ತೆಗೆದು ಕೊಡುತ್ತವೆ. ಆ ಮಗುವಿಗೆ ಹತ್ತರ ತನಕ ಗೊತ್ತಿರುವುದು ಒಂದು ಹಾಡು. ಅದರಲ್ಲಿ ಐದು ಎನ್ನುವುದು ನಾಲ್ಕಾದ ಮೇಲೆ ಬರುವ ಒಂದು ಸದ್ದು, ಅಷ್ಟೆ.

ನಾನು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಪಾಠ ಮಾಡುತ್ತೇನೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂರುತ್ತಾರೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಬೀಳುವ ಸದ್ದಿಗೆ ನನ್ನ ವಿವರಣೆ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ಹಾಡು ಮುಟ್ಟುತ್ತದೆ. ಹಾಗಾಗಿ ಲೆಕ್ಕಕ್ಕೆ ಹಾಡು ಕಟ್ಟುವುದು ನನಗೆ ಹವ್ಯಾಸವಲ್ಲ, ದಿನದ ಕೆಲಸ. ಕಟ್ಟುತ್ತಾ ಕಟ್ಟುತ್ತಾ ನಮ್ಮ ಅಂಕಿಗಳ ಬಗ್ಗೆ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕ ಮಕ್ಕಳಿಗೆ ಕಲಿಸುವವರಿಗೆ ಇದು ಉಪಯೋಗಕ್ಕೆ ಬರುತ್ತದೆ ಎಂಬ ನಂಬಿಕೆ ನನ್ನದು.

ಮೊದಲು ಕೈ ಮತ್ತು ಬಾಯಿಯ ವಿಷಯ. ಬೀಜ ಮುಟ್ಟಿ ಎಣಿಸಲು ಹೇಳಿದಾಗ ಮಕ್ಕಳ ಬೆರಳನ್ನು ಹತ್ತಿರದಿಂದ ನೋಡಿ. "ಒಂ" ಅನ್ನುವಾಗ ಒಂದು ಬೀಜ, "ದು" ಅನ್ನುವಾಗ ಇನ್ನೊಂದು ಬೀಜ ಮುಟ್ಟುವ ಮಕ್ಕಳಿದ್ದಾರೆ. "ಎರಡು" ಬಂದಾಗ ಎ, ರ, ಡು ಎಂದು ಮೂರು ಬೀಜ ಹೋಗಿಬಿಡುತ್ತದೆ. ಹಾಗೆ ಐದು ಅನ್ನುವ ಹೊತ್ತಿಗೆ ಬೆರಳು ಹನ್ನೊಂದನೇ ಬೀಜದ ಮೇಲೆ ಇರುತ್ತದೆ. ಮಗು ಎಣಿಸಲು ತಪ್ಪಿದ್ದಲ್ಲ, ಅದು ಎಣಿಸಿದ್ದು ಅಕ್ಷರಗಳನ್ನು. ಇದನ್ನು ಬೈದು ತಿದ್ದಲು ಆಗುವುದಿಲ್ಲ. ಹಾಡೇ ಬೆರಳನ್ನು ತಡೆದು ನಿಲ್ಲಿಸಬೇಕು. ಅದಕ್ಕೆ ನಾನು ಕಟ್ಟಿದ ಮೊದಲ ಹಾಡು ಇಷ್ಟು ಸರಳ:

ಒಂದು ಆಯ್ತು, ಮತ್ತೆ ಒಂದು
ಎರಡು ಆಯ್ತು, ಮತ್ತೆ ಒಂದು
ಮೂರು ಆಯ್ತು, ಮತ್ತೆ ಒಂದು

"ಮತ್ತೆ ಒಂದು" ಅನ್ನುವಾಗ ಮಾತ್ರ ಕೈ ತಟ್ಟೆಗೆ ಹೋಗಬೇಕು, ಬೀಜ ಗುಳಿಗೆ ಬೀಳಬೇಕು. ಗುಳಿಯಲ್ಲಿ ಎಷ್ಟಿದೆ ಎಂದು ನೋಡಿ ಮುಂದಿನ ಸಾಲು ಹಾಡಬೇಕು. ಪ್ರತಿ ಸಲ ಸೇರುವುದು ಒಂದೇ, ಹೆಸರು ಮಾತ್ರ ಬದಲಾಗುತ್ತದೆ ಎನ್ನುವುದು ಈ ಹಾಡು ಹಾಡುತ್ತಲೇ ಮಕ್ಕಳಿಗೆ ತಿಳಿಯುತ್ತದೆ. ಗುಳಿಗೆಂದು ನಾನು ಬಳಸುವುದು ಹಳೆಯ ಅಳಗುಳಿಮಣೆ. ಊರಿನ ಮನೆಯೊಂದರ ಅಟ್ಟದಲ್ಲಿ ಧೂಳು ಹಿಡಿದಿತ್ತು, ಕೇಳಿದಾಗ ಖುಷಿಯಿಂದ ಕೊಟ್ಟರು.

ನಾನು ಈ ಹಾಡು ಕಲಿಸುವುದನ್ನು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದ ಅಜ್ಜರೊಬ್ಬರು "ನಾವು ಭತ್ತ ಅಳೆಯುವಾಗ ಒಂದು ಅನ್ನೋದೇ ಇಲ್ಲ ಮಾರಾಯ್ತಿ, ಲಾಭ ಅಂತೇವೆ" ಅಂದರು. ಹೌದು, ಕಣದಲ್ಲಿ ಕೊಳಗ ತುಂಬಿ ಮೊದಲನೆಯದನ್ನು ಸುರಿಯುವಾಗ "ಲಾಭ" ಎಂದು ಹೇಳಿ, ಆಮೇಲೆ "ಎರಡು, ಮೂರು" ಎಂದು ಮುಂದುವರಿಸುವುದು ನಮ್ಮ ಕಡೆಯ ಹಳೆಯ ರೂಢಿ. ಬೆಳೆ ಮನೆಗೆ ಬರುವ ಹೊತ್ತಿನಲ್ಲಿ ಮೊದಲ ಮಾತು ಶುಭವಾಗಿರಲಿ ಎಂದು. ಅಜ್ಜರನ್ನು ಒಳಗೆ ಕರೆದು ಮಕ್ಕಳ ಮುಂದೆ ಬೀಜ ಅಳೆಯಿಸಿದೆ. ಅವರ ದನಿಯಲ್ಲಿ "ಲಾಭ" ಎಷ್ಟು ಹೊತ್ತು ಹಿಡಿಯಿತೋ "ಎರಡು" ಅಷ್ಟೇ ಹಿಡಿಯಿತು, "ಮೂರು" ಅಷ್ಟೇ. ಲಾಭ ಎನ್ನುವುದು ಒಂದರ ಜಾಗದಲ್ಲಿ ಸ್ವಲ್ಪವೂ ಅಲುಗಾಡದೆ ಕೂತಿತ್ತು.

ಅದು ಯಾಕೆ ಹಾಗೆ ಎಂದು ನನಗೆ ಸ್ಪಷ್ಟವಾದದ್ದು ಅಂಗಳದ ಹಗ್ಗದಾಟದಲ್ಲಿ. ಹೆಣ್ಣುಮಕ್ಕಳು ಹಗ್ಗ ತಿರುಗಿಸುತ್ತಾ ಹತ್ತರ ತನಕ ಎಣಿಸುತ್ತಿದ್ದರು. ಎಂಟರ ತನಕ ಚೆನ್ನಾಗಿ ಹಾರಿದವರು ಒಂಬತ್ತಕ್ಕೆ ಕಾಲು ಸಿಕ್ಕಿಸಿಕೊಳ್ಳುತ್ತಿದ್ದರು. ಒಬ್ಬಳಲ್ಲ, ಒಬ್ಬಳಾದ ಮೇಲೆ ಒಬ್ಬಳು. ಹೈಸ್ಕೂಲಿನಲ್ಲಿ ಕಲಿತ ಛಂದಸ್ಸು ನೆನಪಾಗಿ, ಒಳಗೆ ಬಂದು ಬೋರ್ಡಿನ ಮೇಲೆ ಒಂದರಿಂದ ಹತ್ತಕ್ಕೆ ಪ್ರಸ್ತಾರ ಹಾಕಿದೆ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ: ಹ್ರಸ್ವಕ್ಕೆ 1 ಮಾತ್ರೆ, ದೀರ್ಘಕ್ಕೂ ಅನುಸ್ವಾರವಿರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ 2. ಒಂದು: 3 ಮಾತ್ರೆ. ಎರಡು: ಮೂರೂ ಹ್ರಸ್ವ, ಒಟ್ಟು 3. ಮೂರು, ನಾಲ್ಕು, ಐದು, ಆರು, ಏಳು, ಎಂಟು, ಎಲ್ಲವೂ 3. ಹತ್ತೂ 3. ಒಂಬತ್ತು ಮಾತ್ರ 5. ಹಗ್ಗ ಮೂರು ಮಾತ್ರೆಗೊಂದು ಸುತ್ತು ಬರುತ್ತದೆ, ಒಂಬತ್ತು ಆ ಸುತ್ತಿನಿಂದ ಹೊರಗೆ ಚಾಚಿಕೊಳ್ಳುತ್ತದೆ. ಬಾಯಿ ತಡವಾಗುತ್ತದೆ, ಕಾಲು ಬಾಯಿಗೆ ಕಾಯುತ್ತದೆ, ಹಗ್ಗ ಯಾರಿಗೂ ಕಾಯುವುದಿಲ್ಲ.

ಆ ಬೋರ್ಡಿನ ಮುಂದೆ ನಿಂತು ನನಗಾದ ಸಂತೋಷ ಹೇಳತೀರದು. ಇಷ್ಟು ವರ್ಷ ಬಾಯಲ್ಲಿದ್ದ ಹತ್ತು ಪದಗಳು, ಅವು ತಾವೇ ಒಂದು ಪದ್ಯದ ನಡೆಯಲ್ಲಿ ನಿಂತಿವೆ! ಮೂರು ಮಾತ್ರೆಯ ಗಣಗಳಲ್ಲಿ, ಅಂದರೆ ಗುಂಪುಗಳಲ್ಲಿ, ಸಾಗುವ ಉತ್ಸಾಹ ರಗಳೆ ಎಂಬ ಛಂದಸ್ಸಿನ ನಡೆ ಅದು. ಸೊನ್ನೆಗೆ ಹಾಕಿ ನೋಡಿದೆ, 3. ನೂರು, ಲಕ್ಷ, ಕೋಟಿ, ಮೂರಕ್ಕೂ 3. ಸಾವಿರ ಮಾತ್ರ 4. ಅಜ್ಜರ ಲಾಭವೂ 3.

ಹಾಗಾದರೆ ಒಂಬತ್ತನ್ನು ಏನು ಮಾಡುವುದು? 5ಕ್ಕೆ 1 ಸೇರಿಸಿದರೆ 6, ಅಂದರೆ ಸರಿಯಾಗಿ ಎರಡು ಗಣ. ಆ 1 ಮಾತ್ರೆಗೆ ಒಂದು ಚಪ್ಪಾಳೆ ಹಾಕಿದೆ. ಹತ್ತರಿಂದ ಕೆಳಗೆ ಇಳಿಯುವ ನನ್ನ ಕಪ್ಪೆ ಹಾಡಿನಲ್ಲಿ ಅದು ಹೀಗೆ ಬರುತ್ತದೆ:

ಹತ್ತು ಕಪ್ಪೆ ಕಟ್ಟೆ ಮೇಲೆ
ಒಂದು ಜಿಗಿದು ನೀರು ಸೇರ್ತು
ಕಟ್ಟೆ ಮೇಲೆ ಎಷ್ಟು ಹೇಳು?

ಮುಂದಿನ ಸುತ್ತಿಗೆ "ಒಂಬತ್ತು" ಎಂದು ಒಂದು ಚಪ್ಪಾಳೆ, ಆಮೇಲೆ "ಕಟ್ಟೆ ಮೇಲೆ." ಕಪ್ಪೆ ಎನ್ನುವ ಪದವನ್ನು ಅಲ್ಲಿ ಬಿಟ್ಟಿದ್ದೇನೆ, ಅದರ ಜಾಗವನ್ನು ಒಂಬತ್ತಿನ ಬಾಲ ಮತ್ತು ಚಪ್ಪಾಳೆ ತುಂಬುತ್ತವೆ. ಮಕ್ಕಳು ಈ ಚಪ್ಪಾಳೆಗಾಗಿಯೇ ಕಾಯುತ್ತಾರೆ. ಹತ್ತರಲ್ಲಿ ಒಂದು ಕಳೆದರೆ ಎಷ್ಟು ಎಂದು ಯಾವಾಗ ಕೇಳಿದರೂ ಬಾಯಿಗಿಂತ ಮೊದಲು ಕೈ ಉತ್ತರ ಕೊಡುತ್ತದೆ. ಹಗ್ಗದಾಟದಲ್ಲೂ ಒಂಬತ್ತಕ್ಕೆ ಎರಡು ಸುತ್ತು ಕೊಡುವುದೆಂದು ಅವರೇ ನಿಯಮ ಮಾಡಿಕೊಂಡರು. ಕೊನೆಯ ಕಪ್ಪೆಯೂ ಜಿಗಿದ ಮೇಲೆ "ಸೊನ್ನೆ ಕಪ್ಪೆ ಕಟ್ಟೆ ಮೇಲೆ" ಎಂದು ಹಾಡುತ್ತೇವೆ. ಸೊನ್ನೆ ಉಳಿದ ಅಂಕಿಗಳ ಹಾಗೆಯೇ ತಾಳಕ್ಕೆ ಕೂರುವುದರಿಂದ ಅದೂ ಒಂದು ಸಂಖ್ಯೆ ಎಂದು ಒಪ್ಪಿಸಲು ನನಗೆ ಕಷ್ಟವೇ ಆಗಲಿಲ್ಲ. "ಏನೂ ಇಲ್ಲ" ಎಂದು ಹೇಳಿಕೊಡುತ್ತಿದ್ದಾಗ ಮಕ್ಕಳು ಅದನ್ನು ಬರೆಯಲು ಮರೆಯುತ್ತಿದ್ದರು.

ಹತ್ತು ದಾಟಿದ ಮೇಲೆ ಇನ್ನೂ ಚೆಂದ ಇದೆ. ಹನ್ನೊಂದು: 5 ಮಾತ್ರೆ. ಹನ್ನೆರಡು 5. ಹದಿಮೂರರಿಂದ ಹದಿನೆಂಟರ ತನಕ ಎಲ್ಲವೂ 5, ಇಪ್ಪತ್ತೂ 5. ಹತ್ತೊಂಬತ್ತು ಮಾತ್ರ 7. ಇಪ್ಪತ್ತೊಂದರಿಂದ ಇಪ್ಪತ್ತೆಂಟರ ತನಕ 7, ಇಪ್ಪತ್ತೊಂಬತ್ತು 9. ನಮ್ಮ ಹುಡುಗನೊಬ್ಬನ ಅಪ್ಪ ಯಕ್ಷಗಾನಕ್ಕೆ ಮದ್ದಳೆ ಬಾರಿಸುತ್ತಾರೆ. ಅವರಿಗೆ ತೋರಿಸಿದಾಗ ಬೆಂಚಿನ ಮೇಲೆಯೇ ಬೆರಳಲ್ಲಿ ನುಡಿಸಿ "ಇದು ಝಂಪೆ ತಾಳಕ್ಕೆ ಬರ್ತದೆ ಅಕ್ಕೋರೆ, ಇಪ್ಪತ್ತು ದಾಟಿದ್ದು ತ್ರಿವುಡೆಗೆ" ಅಂದರು. ಸಂಗೀತದವರ ಲೆಕ್ಕದಲ್ಲಿ ಹೇಳುವುದಾದರೆ ಮಗು ಒಂದರಿಂದ ಮೂವತ್ತಕ್ಕೆ ಹೋಗುವಷ್ಟರಲ್ಲಿ ತಿಶ್ರ (3), ಖಂಡ (5), ಮಿಶ್ರ (7) ಮೂರನ್ನೂ ದಾಟಿ, ಇಪ್ಪತ್ತೊಂಬತ್ತರಲ್ಲಿ ಸಂಕೀರ್ಣವನ್ನೂ (9) ಮುಟ್ಟಿ ಬಂದಿರುತ್ತದೆ. ಒಂದರಿಂದ ಹತ್ತರ ಧಾಟಿಯಲ್ಲೇ ಇಪ್ಪತ್ತರ ತನಕ ಹಾಡಿಸಲು ಹೋದರೆ ಮಕ್ಕಳು ಹನ್ನೊಂದರಲ್ಲಿ ಎಡವುವುದು ಇದಕ್ಕೇ. ಧಾಟಿಯನ್ನೇ ಬದಲಿಸಬೇಕು.

ನಾನು ಹನ್ನೊಂದರಿಂದ ಇಪ್ಪತ್ತಕ್ಕೆ ಬೇರೆ ಹಾಡು ಕಟ್ಟಲು ಕೂತೆ. ಐದು ಮಾತ್ರೆಯ ಗಣಗಳು, ಲಲಿತ ರಗಳೆಯ ನಡೆ. ಇಲ್ಲಿ ನನಗೆ ನಾನೇ ಹಾಕಿಕೊಂಡ ಕಟ್ಟು ಒಂದಿತ್ತು. ಪ್ರಾಸಕ್ಕಾಗಿ ಸಂಖ್ಯೆ ತರಬಾರದು. ಆ ಸಂಖ್ಯೆ ಲೋಕದಲ್ಲಿ ನಿಜವಾಗಿ ಎಲ್ಲಿ ಇದೆಯೋ ಅಲ್ಲಿಂದಲೇ ಸಾಲು ಹುಟ್ಟಬೇಕು. ಎಂಟಕ್ಕೆ ಗಂಟು, ಏಳಕ್ಕೆ ಕೇಳು ಎಂದು ಸೇರಿಸುವುದು ಸುಲಭ, ನಮ್ಮ ಭಾಷೆಯಲ್ಲಿ ಪ್ರಾಸಕ್ಕೆ ಬಡತನವಿಲ್ಲ. ಆದರೆ ಎಂಟು ಎನ್ನುವ ಜಾಗದಲ್ಲಿ ಏಳು ಹಾಕಿದರೂ ಅರ್ಥ ಕೆಡದಿದ್ದರೆ ಆ ಸಾಲಿನಲ್ಲಿ ಸಂಖ್ಯೆ ಕೆಲಸ ಮಾಡುತ್ತಿಲ್ಲ ಎಂದೇ ಲೆಕ್ಕ. ಹೀಗೆ ಬಂದವು ಕೆಲವು:

ಹನ್ನೆರಡು ತಿಂಗಳಲಿ ಮಳೆಗೆಂದು ನಾಲ್ಕು
ಹದಿನಾಲ್ಕು ಗುಳಿ ನೋಡು ಅಳಗುಳಿಯ ಮಣೆಗೆ
ಹದಿನೈದು ತಿಥಿ ದಾಟಿ ಹುಣ್ಣಿಮೆಯು ಬಂತು
ಹದಿನಾರು ಆಣೆಗಳು ಸೇರಿದರೆ ರೂಪಾಯಿ
ಹದಿನೆಂಟು ಪರ್ವಗಳು ಭಾರತಕೆ ಉಂಟು
ಇಪ್ಪತ್ತು ಕೊಳಗಕ್ಕೆ ಖಂಡುಗವು ಒಂದು

ಆಣೆ ಯಾರಿಗೆ ಬೇಕು ಈಗ ಎಂದು ಕೇಳಿದವರಿದ್ದಾರೆ. 1957ರಲ್ಲಿ ನೂರು ಪೈಸೆಯ ರೂಪಾಯಿ ಬಂದ ಮೇಲೆ ಆಣೆ ಹೋಯಿತು, ನಿಜ. ಆದರೆ ಈಗಲೂ ಮನೆಯಲ್ಲಿ "ಹದಿನಾರಾಣೆ ಸತ್ಯ" ಅನ್ನುತ್ತಾರೆ, ಎಂಟಾಣೆ ಅಂದರೆ ಅರ್ಧ ಎಂದು ಮಕ್ಕಳೂ ಬಲ್ಲರು. ಹದಿನಾರನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯಬಹುದು. ಅರ್ಧ, ಕಾಲು, ಅರೆಕಾಲು ಎಲ್ಲಕ್ಕೂ ಪೂರ್ಣ ಸಂಖ್ಯೆಯೇ ಸಿಗುತ್ತದೆ. ನೂರಕ್ಕೆ ಅರೆಕಾಲು ತೆಗೆಯಲು ಹೋದರೆ ಹನ್ನೆರಡೂವರೆಯಲ್ಲಿ ಸಿಕ್ಕಿಕೊಳ್ಳುತ್ತೇವೆ. ಹಿಂದಿನವರು ಕಾಲು, ಅರೆ, ಮುಕ್ಕಾಲರ ಮಗ್ಗಿಗಳನ್ನೂ ದೀಪ ಹಚ್ಚಿದ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದದ್ದು ಪಾವು, ಸೇರು, ಆಣೆಗಳ ವ್ಯವಹಾರಕ್ಕಾಗಿ.

ಹದಿಮೂರಕ್ಕೆ ಸಾಲು ಕೊಟ್ಟದ್ದು ಮತ್ತೆ ಆ ಅಜ್ಜರೇ. ನಮ್ಮಲ್ಲಿ ರೈತರು ಮಳೆಯನ್ನು ತಿಂಗಳಿನಿಂದ ಲೆಕ್ಕ ಹಾಕುವುದಿಲ್ಲ, ನಕ್ಷತ್ರದಿಂದ ಹಾಕುತ್ತಾರೆ: ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. "ಹದಿಮೂರು ದಿನಕೊಂದು ಮಳೆಯ ಹೆಸರುಂಟು" ಎಂದು ಹಾಡಿಗೆ ಸೇರಿಸಿದೆ. ಅದರ ಬೆನ್ನಿಗೆ ಏಳು ಮಾತ್ರೆಯ ಹಾಡಿಗೂ ಒಂದು ಜೋಡಿ ಸಾಲು ಸಿಕ್ಕಿತು:

ಇಪ್ಪತ್ತೇಳು ನಕ್ಷತ್ರಗಳ
ಸೂರ್ಯ ದಾಟಲು ವರ್ಷ ಮುಗಿವುದು

ಮೂರನೇ ಕ್ಲಾಸಿನವರು ಇದನ್ನು ಹಾಡಿಯೇ ಬಿಡಲಿಲ್ಲ. ಹದಿಮೂರನ್ನು ಇಪ್ಪತ್ತೇಳು ಸಲ ಕೂಡಿಸಿ, 351 ಬಂತು, ವರ್ಷಕ್ಕೆ 14 ದಿನ ಕಡಿಮೆ ಬಿತ್ತು ಎಂದು ತಕರಾರು ತಂದರು. ಹದಿಮೂರೂವರೆಯ ಕಥೆಯನ್ನು ಆಗ ಹೇಳಿದೆ.

ಎಲ್ಲ ಹಾಡಿನಲ್ಲೂ ಸಂಖ್ಯೆಯನ್ನು ಎಣಿಸಲೆಂದೇ ಇಟ್ಟಿರುವುದಿಲ್ಲ ಎನ್ನುವುದನ್ನೂ ಮಕ್ಕಳಿಗೆ ಕಲಿಸಬೇಕಾಯಿತು. ಅಜ್ಜಿಯರ ಕಥೆ ಹಾಡುಗಳ ತುಂಬ ಏಳು: ಏಳು ಸಮುದ್ರ, ಏಳು ಸುತ್ತಿನ ಕೋಟೆ, ಏಳು ಮಲ್ಲಿಗೆ ತೂಕದ ರಾಜಕುಮಾರಿ. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಬೀರುವ ಅಚ್ಚಂಬಲಿ ಎಂಬ ಸೊಪ್ಪಿನ ಎಡೆಗೆ ನೂರೊಂದು ಬಗೆಯ ಕುಡಿ ಹಾಕಬೇಕು ಅನ್ನುತ್ತಾರೆ. ನಮ್ಮ ಮಕ್ಕಳು ನಿಜವಾಗಿಯೂ ಎಣಿಸುತ್ತಾ ಬೇಲಿ ಸಾಲು, ಹಿತ್ತಿಲು ಎಲ್ಲ ಸುತ್ತಿದರು. ನೂರೊಂದು ಆಗಲಿಲ್ಲ. ಅಳು ಮುಖ ಮಾಡಿಕೊಂಡು ಕೊಟ್ಟ ಬುಟ್ಟಿಯನ್ನು ಮನೆಯ ಅಜ್ಜಿ ನೋಡಿ "ಸಾಕು ಮಗಾ, ಭೂಮ್ತಾಯಿಗೆ ಎಲ್ಲದ್ದೂ ಒಂದೊಂದು ಚಿಗುರು ಬಂತಲ್ಲ" ಎಂದು ಒಲೆಯ ಮೇಲಿಟ್ಟರಂತೆ. ಮದುವೆಗೆ ನೂರಲ್ಲ, ನೂರಾ ಒಂದು ರೂಪಾಯಿ ಮುಯ್ಯಿ ಕೊಡುವುದೂ ಇದೇ ಮನಸ್ಸಿನಿಂದ. ನೂರು ಮುಗಿದಂತೆ ಕಾಣುತ್ತದೆ, ಮೇಲಿನ ಒಂದು ಅದನ್ನು ಮುಂದಕ್ಕೆ ನಡೆಸುತ್ತದೆ. ಇಂಥ ಸಂಖ್ಯೆಗಳನ್ನು ನಾನು ಬೋರ್ಡಿನ ಇನ್ನೊಂದು ಬದಿಗೆ ಬಣ್ಣದ ಚಾಕಿನಲ್ಲಿ ಬರೆಸುತ್ತೇನೆ. ಬಿಳಿಯವನ್ನು ಬೀಜ ಇಟ್ಟು ನೋಡಬಹುದು. ಬಣ್ಣದವನ್ನು ಕೇಳಿ ಅನುಭವಿಸಬೇಕು.

ಅಂಕಿಯೇ ಇಲ್ಲದೆ ಲೆಕ್ಕ ಮಾಡುವ ಹಾಡೂ ಇದೆ. ಆಟಕ್ಕೆ ಮೊದಲು ಯಾರು ಔಟ್ ಎಂದು ಆರಿಸಲು ಹೇಳುವ "ಅವಲಕ್ಕಿ ಪವಲಕ್ಕಿ" ಕನ್ನಡದ ಮಕ್ಕಳಿಗೆಲ್ಲ ಗೊತ್ತು. ನಮ್ಮ ಶಾಲೆಯಲ್ಲಿ ಅದನ್ನು ಹೇಳುವ ರೀತಿಯಲ್ಲಿ ಹತ್ತು ಪೆಟ್ಟು, ಹತ್ತನೆಯದು ಯಾರ ಮೇಲೆ ಬೀಳುತ್ತದೋ ಅವರು ಔಟ್. ಐದು ಜನ ನಿಂತರೆ ಐದನೆಯವರು, ಆರು ಜನ ನಿಂತರೆ ನಾಲ್ಕನೆಯವರು, ಏಳು ಜನಕ್ಕೆ ಮೂರನೆಯವರು. ಇದನ್ನು ಮೊದಲು ಕಂಡುಹಿಡಿದದ್ದು ಯಾವಾಗಲೂ ಔಟ್ ಆಗುತ್ತಿದ್ದ ಒಬ್ಬ ಸಣ್ಣ ಹುಡುಗಿ. ಅವಳು ಸುಮ್ಮನೆ ಜಾಗ ಬದಲಿಸತೊಡಗಿದಳು. ನಾನು ಅವಳ ಕೈಯಿಂದಲೇ ಬೀಜ ಇಡಿಸಿ, ಹತ್ತನ್ನು ನಾಲ್ಕರಿಂದ ಹಂಚಿದರೆ ಉಳಿಯುವುದು ಎರಡು, ಅದಕ್ಕೇ ನಾಲ್ಕು ಜನರಲ್ಲಿ ಎರಡನೆಯವರು ಔಟ್ ಎಂದು ತೋರಿಸಿಕೊಟ್ಟೆ. ಭಾಗಾಕಾರದ ಶೇಷವನ್ನು ನಾನು ಬೇರೆ ಯಾವ ರೀತಿಯಲ್ಲೂ ಕಲಿಸಬೇಕಾಗಿ ಬರಲಿಲ್ಲ.

ಮಗ್ಗಿಯ ವಿಷಯಕ್ಕೆ ಬಂದರೆ, ಅದನ್ನು ಹಾಡು ಎಂದು ಒಪ್ಪದವರು ಆರರ ಮಗ್ಗಿಯನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಆರೆರಡ್ಲೆ ಹನ್ನೆರಡು. ಆರ್ನಾಲ್ಕ್ಲೆ ಇಪ್ಪತ್ನಾಲ್ಕು. ಆರಾರ್ಲೆ ಮೂವತ್ತಾರು. ಆರೆಂಟ್ಲೆ ನಲವತ್ತೆಂಟು. ಎಂಟರ ತನಕ ಸಮಸಂಖ್ಯೆಯ ಸಾಲುಗಳಲ್ಲೆಲ್ಲ ಪ್ರಶ್ನೆಯಲ್ಲಿದ್ದ ಪದವೇ ಉತ್ತರದ ತುದಿಯಲ್ಲಿ ಮರಳಿ ಬರುತ್ತದೆ. ಕಾರಣವೂ ಬೀಜದಲ್ಲಿ ತೋರಿಸುವಷ್ಟು ಸುಲಭ. ಆರು ಎಂದರೆ ಐದು ಮತ್ತು ಒಂದು. ಸಮಸಂಖ್ಯೆಯನ್ನು ಐದರಿಂದ ಗುಣಿಸಿದರೆ ಪೂರ್ತಿ ಹತ್ತುಗಳಾಗಿ ಹೋಗುತ್ತದೆ, ಬಿಡಿಯ ಜಾಗದಲ್ಲಿ ಉಳಿಯುವುದು ಆ ಸಂಖ್ಯೆಯೇ. ಒಂಬತ್ತರ ಮಗ್ಗಿಯಲ್ಲಿ ತುದಿಗಳನ್ನು ಮಾತ್ರ ಕೇಳಿ: ಹದಿನೆಂಟು, ಇಪ್ಪತ್ತೇಳು, ಮೂವತ್ತಾರು, ನಲವತ್ತೈದು, ಐವತ್ನಾಲ್ಕು. ಎಂಟು, ಏಳು, ಆರು, ಐದು, ನಾಲ್ಕು ಎಂದು ನಮ್ಮ ಕಪ್ಪೆ ಹಾಡಿನ ಹಾಗೆ ಇಳಿದು ಎಂಬತ್ತೊಂದರಲ್ಲಿ ಒಂದಕ್ಕೆ ಬರುತ್ತದೆ. ಏಳರ ಮಗ್ಗಿಯಲ್ಲಿ ಮಾತ್ರ ಕಿವಿಗೆ ಇಂಥ ಯಾವ ಆಸರೆಯೂ ಸಿಗುವುದಿಲ್ಲ. ತುದಿಗೆ ಏಳು, ನಾಲ್ಕು, ಒಂದು, ಎಂಟು, ಐದು ಎಂದು ಹಾರಾಡುತ್ತದೆ. ಏಳೆಂಟ್ಲೆ ಐವತ್ತಾರು ಎಲ್ಲ ಮಕ್ಕಳಿಗೂ ಕಷ್ಟ. ಅದನ್ನು ನಾನು ಎಂಟರ ಮಗ್ಗಿಯಿಂದಲೇ ತರಿಸುತ್ತೇನೆ.

ಮನೆಯಲ್ಲಿ ಉರ್ದು ಮಾತಾಡುವ ಇಬ್ಬರು ಮಕ್ಕಳು ಇದೇ ಸಮಯದಲ್ಲಿ "ಛೇ ಛಕ್ಕೇ ಛತ್ತೀಸ್" (ಆರಾರ್ಲೆ ಮೂವತ್ತಾರು) ಎಂದು ಹಾಡಿ ತೋರಿಸಿದರು. ಅಲ್ಲಿ ಬಿಡಿ ಅಂಕಿ ಮೊದಲು ಬರುತ್ತದೆ, ಹಾಗಾಗಿ ಪ್ರಾಸವೂ ಪದದ ತಲೆಗೇ ಬಂದಿದೆ. ನಮ್ಮಲ್ಲಿ ಹತ್ತು ಮೊದಲು, ಪ್ರಾಸ ತುದಿಗೆ. ಎರಡೂ ಗುಂಪು ಎದುರುಬದುರು ನಿಂತು ಆರರ ಮಗ್ಗಿ ಹಾಡುವುದು ಈಗ ಶನಿವಾರದ ರೂಢಿ.

ಹೊಸದಾಗಿ ಕಟ್ಟಲು ಹೊರಡುವವರಿಗೆ ನನ್ನದೊಂದು ಸಲಹೆ. ಮೊದಲು ಮಾತು ಹುಡುಕಬೇಡಿ. ಅಂಕಿಯನ್ನು ಬೆಂಚಿನ ಮೇಲೆ ತಟ್ಟಿ ಎಷ್ಟು ಮಾತ್ರೆ ನೋಡಿ, ಆಮೇಲೆ ಅದೇ ತೂಕದ ಪದಗಳನ್ನು ಸುತ್ತಲಿನ ಬದುಕಿನಿಂದ ಆರಿಸಿ. ಕಪ್ಪೆ, ಕಟ್ಟೆ, ಬೀಜ, ಅಕ್ಕಿ, ಗದ್ದೆ, ತೋಟ, ಎಲ್ಲವೂ 3 ಮಾತ್ರೆ. ಅಡಿಕೆಯೂ 3. ನಮ್ಮ ಕಡೆಯ ಮಕ್ಕಳಿಗೆ ಅಡಿಕೆಯಷ್ಟು ಕೈಗೆ ಸಿಗುವ ವಸ್ತು ಇನ್ನೊಂದಿಲ್ಲ.

ಹದಿನೇಳಕ್ಕೆ ಬಹಳ ದಿನ ಸಾಲು ಸಿಕ್ಕಿರಲಿಲ್ಲ. ಲೋಕದಲ್ಲಿ ಹದಿನೇಳು ಎಲ್ಲಿದೆ ಎಂದು ಮಕ್ಕಳನ್ನೇ ಕೇಳಿದೆ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಹಾಜರಿ ಪುಸ್ತಕದ ಕಡೆ ಕೈ ತೋರಿಸಿದಳು. ಎಲ್ಲರೂ ಸೇರಿ ಸಾಲು ಕಟ್ಟಿದರು:

ಹದಿನೇಳು ಮಕ್ಕಳಿಗೆ ಶಾಲೆಯಿದು ನಮದು

ಬರುವ ಜೂನಿಗೆ ಕೆಲವರು ಮೇಲಿನ ಶಾಲೆಗೆ ಹೋಗುತ್ತಾರೆ, ಹೊಸಬರು ಸೇರುತ್ತಾರೆ. ಹದಿನಾರಾದರೂ ಹದಿನೆಂಟಾದರೂ ಮಾತ್ರೆ ಅಷ್ಟೇ ಇರುವುದರಿಂದ ಸಾಲಿನ ಅಂಕಿ ಬದಲಿಸಿ ಹಾಡಬಹುದು. ಹತ್ತೊಂಬತ್ತಾದರೆ 7 ಮಾತ್ರೆ, ಎರಡು ಗಣದ 10ಕ್ಕೆ ಮಿಕ್ಕ 3 ಮಾತ್ರೆಗೆ ಚಪ್ಪಾಳೆ ಹೇಗೆ ಹೊಡೆಯಬೇಕೆಂದು ಮಕ್ಕಳು ಈಗಲೇ ಅಭ್ಯಾಸ ಶುರುಮಾಡಿದ್ದಾರೆ.